ಈರಯ್ಯನವರ ಎಡಗೈ ಯಾಕೆ ನಡುಗಿತು?

ಪೋತ್ನಾಳದ ನಮ್ಮ ಓಣಿಯ ತುಂಬ ಆ ದಿನ ಹಾಲು ಹೊತ್ತಿದ ವಾಸನೆ. ನಾನು ಅಂಗಡಿಯಲ್ಲಿ ಸಕ್ಕರೆ ಕಟ್ಟುತ್ತಿದ್ದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಪಕ್ಕದ ಮನೆಗೆ ಓಡಿದೆ. ಗ್ಯಾಸಿನ ಒಲೆಯ ಮೇಲೆ ಪಾತ್ರೆ ಕರ್ರಗಾಗಿ ಹೊಗೆ ಕಾರುತ್ತಿದೆ. ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿಕೊಂಡು ಈರಯ್ಯನವರು ಆರಾಮಾಗಿ ಕೂತಿದ್ದಾರೆ.

"ಅಯ್ಯಾರ, ಹಾಲು ಹೊತ್ತಿ ಹೋಗ್ಯಾವಲ್ರಿ. ವಾಸನಿ ಬರಲಿಲ್ಲೇನು?" ಎಂದೆ, ಒಲೆ ಆರಿಸುತ್ತ.

"ಏನ್ ವಾಸನಿ?" ಎಂದು ನನ್ನನ್ನೇ ಕೇಳಿದರು.

ಅದು ತಮಾಷೆಯ ಧಾಟಿಯಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ, ಏಕೆಂದರೆ ಈರಯ್ಯನವರ ಮೂಗು ಅಂಥಿಂಥ ಮೂಗಲ್ಲ. ಮಾನ್ವಿ ರಸ್ತೆಯ ಅಕ್ಕಿ ಗಿರಣಿಯಲ್ಲಿ ಭತ್ತದ ಖರೀದಿ ನೋಡುವವರು ಅವರು. ರೈತ ಚೀಲ ಬಿಚ್ಚಿದರೆ ಒಂದು ಹಿಡಿ ಭತ್ತ ಎತ್ತಿ ಮೂಸಿ, ಒಂದು ಕಾಳು ಹಲ್ಲಿನಲ್ಲಿ ಕಡಿದು, ಹಸಿ ಎಷ್ಟಿದೆ, ಮುಗ್ಗು ಹಿಡಿದಿದೆಯೋ ಇಲ್ಲವೋ ಎಂದು ನಿಂತಲ್ಲೇ ಹೇಳಿಬಿಡುತ್ತಿದ್ದರು. ಅಂಥ ಮೂಗಿಗೆ ಹೊತ್ತಿದ ಹಾಲು ತಿಳಿಯಲಿಲ್ಲವೆಂದರೆ ಏನೆನ್ನಬೇಕು? ನೆಗಡಿ ಇರಬೇಕು ಅಂದುಕೊಂಡು ಪಾತ್ರೆ ನೆನೆಹಾಕಿ ಬಂದೆ.

ನಾನು ನಾಗರತ್ನಾ. ಕಿರಾಣಿ ಅಂಗಡಿಯವಳು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ ಎಂದು ನಮ್ಮ ಮಹಿಳಾ ಸಂಘದವರಿಗೆಲ್ಲ ಗೊತ್ತು. ಆದರೆ ಈ ವಿಷಯದಲ್ಲಿ ನನ್ನ ಬಾಯಿಯೂ ಬಹಳ ದಿನ ದಾರಿ ತಪ್ಪಿ ಓಡಾಡಿತು.

ಹಾಲಿನ ಪ್ರಸಂಗಕ್ಕೆ ಮೊದಲೇ ಗಿರಣಿಯಲ್ಲಿ ಅಯ್ಯಾರು ಮುಗ್ಗು ಹಿಡಿದ ಭತ್ತವನ್ನು ಚಲೋ ಇದೆ ಎಂದು ಇಳಿಸಿಕೊಂಡಿದ್ದರು. ಮಗ ಬಸವಲಿಂಗನೂ ಅದೇ ಗಿರಣಿಯಲ್ಲಿದ್ದಾನೆ. ಅವನಿಗೆ ಅವಮಾನವಾಯಿತು. "ಅಪ್ಪಗ ಕೆಲಸದ ಮ್ಯಾಲೆ ಲಕ್ಷ್ಯ ಇಲ್ಲ" ಎಂದು ಮನೆಯಲ್ಲಿ ಸಿಡುಕಿದ. ಆಮೇಲೆ ಅಯ್ಯಾರ ನಡಿಗೆ ಸಣ್ಣದಾಯಿತು. ಕಾಲು ಎತ್ತಿ ಇಡುವ ಬದಲು ಎಳೆದುಕೊಂಡು ಬರುತ್ತಿದ್ದರು. ದನಿ ತಗ್ಗಿತು. ನನ್ನ ಅಂಗಡಿಗೆ ಬಂದರೆ ಮೊದಲು ನಗುತ್ತ ಒಂದು ಮಾತಾಡಿ ಹೋಗುತ್ತಿದ್ದ ಮನುಷ್ಯ, ಈಗ ಮುಖ ಗಂಟು ಹಾಕಿಕೊಂಡು ನಿಲ್ಲುತ್ತಿದ್ದರು. ಮೇಲಾಗಿ ದಿನೇದಿನೇ ಸೊರಗುತ್ತಿದ್ದರು. ಎರಡು ರೊಟ್ಟಿ ಉಣ್ಣುವ ಆಳು, ಊಟ ಬಿಟ್ಟಿಲ್ಲ, ಆದರೂ ಪಂಚೆ ನಡುವಿನಲ್ಲಿ ನಿಲ್ಲದು. ಹಗಲೆಲ್ಲ ಕೂತಲ್ಲೇ ತೂಕಡಿಕೆ. ಹೊಟ್ಟೆ ಸರಿಯಾಗಿ ಹೋಗುವುದಿಲ್ಲವೆಂದು ಬೇರೆ ಗೊಣಗಾಟ.

ಒಬ್ಬೊಬ್ಬರದು ಒಂದೊಂದು ಮಾತು. ಸಕ್ಕರೆ ಕಾಯಿಲೆ ಇರಬೇಕೆಂದರು ಕೆಲವರು. ರಕ್ತ ನೋಡಿಸಿದರೆ ಸಕ್ಕರೆ ಇಲ್ಲ. ಗ್ಯಾಸು ಎಂದರು. ಕುತ್ತಿಗೆ ನರ ಹಿಡಿದಿದೆ ಎಂದು ಬಾಗಲವಾಡಕ್ಕೆ ಕರೆದುಕೊಂಡು ಹೋಗಿ ಎಣ್ಣೆ ತಿಕ್ಕಿಸಿದರು. ನಾನಂತೂ ನದರು ತಾಗಿದೆ ಎಂದು ಮೆಣಸಿನಕಾಯಿ, ಉಪ್ಪು ನಿವಾಳಿಸಿ ಇಳಿ ತೆಗೆದೆ. ಮೆಣಸಿನಕಾಯಿ ಸುಟ್ಟರೆ ಮನೆಮಂದಿಯೆಲ್ಲ ಕೆಮ್ಮಿದರು. ಅಯ್ಯಾರಿಗೆ ಕೆಮ್ಮು ಬಂತು, ಘಾಟಿನ ವಾಸನೆ ಮಾತ್ರ ಗೊತ್ತಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಗೊಂದಲವೆಂದರೆ ಎಡಗೈಯದು. ಈರಯ್ಯನವರು ಎಳೆಯ ವಯಸ್ಸಿನಿಂದ ಕೊರಳಲ್ಲಿ ಲಿಂಗ ಕಟ್ಟಿದವರು. ದಿನಾ ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಿಲ್ವಪತ್ರೆ ಏರಿಸಿ, ದಿಟ್ಟಿಸಿ ನೋಡುತ್ತ ಕೂಡುತ್ತಾರೆ. ಅದಾಗುವ ತನಕ ಬಾಯಿಗೆ ಹನಿ ನೀರು ಹಾಕುವವರಲ್ಲ. ಆ ಎಡಗೈ ನಡುಗತೊಡಗಿತು. ವಿಚಿತ್ರ ನೋಡಿ, ತುಂಬಿದ ಕೊಡ ಎತ್ತುವಾಗ ನಡುಕ ಕಾಣದು. ಭತ್ತದ ಚೀಲ ಸರಿಸುವಾಗ ಕಾಣದು. ಲಿಂಗ ಹಿಡಿದು ಸುಮ್ಮನೆ ಕೂತರೆ ಮಾತ್ರ ನಡುಗುತ್ತದೆ.

"ದೇವರ ಮುಂದ ಅಷ್ಟೇ ನಡಗ್ತದಂದ್ರ ಏನೋ ಅಪಚಾರ ಆಗ್ಯದ" ಎಂದು ಯಾರೋ ನೆಂಟರು ಅಂದರು. ಆ ಮಾತು ಅಯ್ಯಾರ ಎದೆಗೆ ಇಳಿಯಿತು. ಅಂದಿನಿಂದ ಪೂಜೆಯ ಕೋಣೆಗೆ ಒಳಗಿನಿಂದ ಚಿಲಕ ಬಿತ್ತು. ಹೆಂಡತಿ ಚನ್ನಮಲ್ಲಮ್ಮ ಹೊರಗೆ ಕಾಯುವುದು, ಒಳಗೆ ಏನಾಗುತ್ತಿದೆ ಎಂದು ತಿಳಿಯದೆ ಬಾಗಿಲಿಗೆ ಕಿವಿ ಹಚ್ಚುವುದು. ಗಂಡ ಉಣ್ಣದೆ ಆಕೆಯೂ ಉಣ್ಣುವುದಿಲ್ಲ.

ಕಡೆಗೆ ಬಸವಲಿಂಗ ತಂದೆಯನ್ನು ರಾಯಚೂರಿಗೆ ಕರೆದೊಯ್ದು ನರರೋಗದ ಡಾಕ್ಟರಿಗೆ ತೋರಿಸಿದ. ಅವರು ನಡೆಸಿ, ಕೂಡಿಸಿ, ಬೆರಳು ಆಡಿಸಿ ನೋಡಿ, ಇದು ಪಾರ್ಕಿನ್ಸನ್ ಎಂಬ ಕಾಯಿಲೆ, ಮೆದುಳಿಗೆ ಸಂಬಂಧಪಟ್ಟದ್ದು ಎಂದು ಗುಳಿಗೆ ಬರೆದುಕೊಟ್ಟರು. ಮೆದುಳು ಎಂದದ್ದೇ ತಡ, ಊರಲ್ಲಿ "ಅಯ್ಯಾರಿಗೆ ತಲಿ ಕೆಟ್ಟದಂತ" ಎಂದು ಸುದ್ದಿ ಹಬ್ಬಿತು. ಅಯ್ಯಾರು ಕೆಲವು ದಿನ ಗುಳಿಗೆ ನುಂಗಿದರು. ಅಷ್ಟೇನೂ ಗುಣ ಕಾಣಲಿಲ್ಲ. "ಇದೆಲ್ಲಾ ದಂಡ" ಎಂದು ತಾವೇ ನಿಲ್ಲಿಸಿಬಿಟ್ಟರು, ಯಾರನ್ನೂ ಕೇಳಲಿಲ್ಲ.

ನಿಲ್ಲಿಸಿದ ಮೇಲೆ ಮೈ ಮರದ ಕೊರಡಾಯಿತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಮಗ ಬರಬೇಕು. ಒಂದು ಮುಂಜಾನೆ ಕೋಣೆಯೊಳಗಿಂದ ಒಂದು ಕೂಗು ಕೇಳಿತು. ಚನ್ನಮಲ್ಲಮ್ಮ ಬಾಗಿಲು ಬಡಿದರು. ಬಹಳ ಹೊತ್ತಿನ ಮೇಲೆ ಚಿಲಕ ತೆರೆಯಿತು. ಲಿಂಗ ಅಂಗೈಯಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತಂತೆ. ನೆಲಕ್ಕೆ ಬಿದ್ದಿರಲಿಲ್ಲ, ಅಷ್ಟೇ ಪುಣ್ಯ.

"ಇನ್ನ ನಾ ಇದನ್ನ ಹಿಡಿಯಾಕ ಲಾಯಕ್ ಇಲ್ಲ" ಎಂದರು ಈರಯ್ಯ. "ಸೋಮವಾರ ಮಠಕ್ಕ ಹೋಗಿ ಒಪ್ಪಿಸಿ ಬರ್ತೀನಿ."

ಚನ್ನಮಲ್ಲಮ್ಮ ನನ್ನ ಅಂಗಡಿಗೆ ಬಂದು ಅತ್ತರು. "ನಾಗರತ್ನಾ, ಲಿಂಗ ಬಿಟ್ಟ ಮ್ಯಾಲೆ ಅವರು ಉಣ್ಣಂಗಿಲ್ಲ ಬೇ. ಬಾಯಿಲೆ ಹೇಳಂಗಿಲ್ಲ, ಆದ್ರ ನನಗ ಗೊತ್ತದ. ಪೂಜಿ ಇಲ್ಲದ ಊಟ ಅವರಿಗಿ ಇಳಿಯಂಗಿಲ್ಲ." ನಾನು ಆಕೆಯನ್ನು ಸಕ್ಕರೆ ಚೀಲದ ಮೇಲೆ ಕೂಡಿಸಿ ಕುಡಿಯಲು ನೀರು ಕೊಟ್ಟೆ.

ಭಾನುವಾರ ಸಂಘಮಿತ್ರಾ ಊರಿಗೆ ಬಂದಳು. ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಮೌನಪ್ಪನ ಮಗಳು, ದೇವದುರ್ಗದ ಕಡೆ ಆಸ್ಪತ್ರೆಯಲ್ಲಿ ನರ್ಸ್. ನಾನು ಬಸ್ ಸ್ಟಾಪಿನಿಂದಲೇ ಅವಳ ಕೈಹಿಡಿದು, ದಾರಿಯುದ್ದಕ್ಕೂ ನಡೆದದ್ದನ್ನೆಲ್ಲ ಹೇಳುತ್ತ ಎಳೆದುಕೊಂಡು ಬಂದೆ.

ಅಯ್ಯಾರು ಮಂಚದ ಮೇಲೆ ಕೂತಿದ್ದರು. ಬಸವಲಿಂಗ ಗೋಡೆಗೆ ಒರಗಿ ನಿಂತಿದ್ದ. ಸಂಘಮಿತ್ರಾ ಮೊದಲು ನನ್ನ ಕಡೆ ತಿರುಗಿ, "ಅಕ್ಕಾ, ಅಂಗಡಿಯಾಗಿಂದ ಚೂರು ಇಂಗು ತಗೊಂಬರ್ರಿ" ಎಂದಳು. ತಂದುಕೊಟ್ಟೆ. ಅಯ್ಯಾರ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಹಿಡಿದಳು. ಮೂಲೆಯಲ್ಲಿ ನಿಂತ ನನಗೇ ಅದು ತಲೆಗೆ ಏರುತ್ತಿತ್ತು.

"ಏನೈತ್ರಿ ಅಯ್ಯಾರ?"

"ಏನೂ ಇಲ್ಲವಲ್ಲ. ಬರೇ ಕೈ ಹಿಡಿದೀಯೇನವಾ?"

ಬಸವಲಿಂಗ ಗಾಬರಿಯಾಗಿ ತಂದೆಯ ಮುಖ ನೋಡಿದ. "ಹಂಗಾದ್ರ ಆ ಮುಗ್ಗಿದ ಭತ್ತ..." ಎಂದ.

"ಹೌದಣ್ಣಾ. ಭಾಳ ಮಂದಿಗಿ ನಡುಕ ಬರಾಕಿಂತ ವರ್ಷಗಟ್ಟಲೆ ಮೊದ್ಲ ಮೂಗು ಹೋಗ್ತದ. ಹೊಟ್ಟಿ ಕಟ್ಟತದ. ಮೂಗು ಹೋದೋರಿಗೆಲ್ಲಾ ಈ ರೋಗ ಅಂತಲ್ಲ, ಬ್ಯಾರೆ ಕಾರಣನೂ ಇರ್ತಾವ. ಅದಕ್ಕ ಡಾಕ್ಟರಿಗೆ ತೋರಿಸಬೇಕು."

"ಮೂಗಿಗೂ ಕೈಗೂ ಏನು ಸಂಬಂಧ?" ಬಸವಲಿಂಗ ತಲೆ ಕೆರೆದುಕೊಂಡ. "ಕಾಲು ಒಂದು ಕಡೆ, ಹೊಟ್ಟಿ ಒಂದು ಕಡೆ. ನನಗೇನೂ ಬಗಿಹರಿವಲ್ದು."

ಸಂಘಮಿತ್ರಾ ಅಯ್ಯಾರ ಕಡೆ ತಿರುಗಿದಳು. "ಅಯ್ಯಾರ, ನೀರಗಂಟಿ ಕೆಲಸ ಏನ್ರಿ?"

"ಕಾಲುವಿ ತೂಬು ಎತ್ತಿ ಪಾಳಿ ಪ್ರಕಾರ ಹೊಲಕ್ಕ ನೀರು ಬಿಡೂದು. ಇದ್ಯಾಕ ಈಗ?"

"ಮೆದುಳಿನ ಒಳಗ, ಆಳದಾಗ, ಅಂಥಾ ಒಂದು ಜಾತಿ ಸಣ್ಣ ಜೀವಕೋಶ ಅದಾವ್ರಿ. ಡೋಪಮಿನ್ ಅನ್ನೋ ರಸ ಬಿಡ್ತಾವ. ಆ ರಸ ಇದ್ರ ಕೈಗೆ ಏಳು, ಕಾಲಿಗೆ ನಡಿ, ಮುಖಕ್ಕ ನಗು ಅನ್ನೋ ಹುಕುಂ ಸರಾಗ ಮುಟ್ಟತದ. ಒಂದೊಂದು ಕೋಶಕ್ಕ ಲೆಕ್ಕ ಇಲ್ಲದಷ್ಟು ಕವಲು. ನೀವು ಸುಮ್ನ ಕುಂತಾಗೂ ಅವು ದುಡೀತಾನೇ ಇರ್ತಾವ. ಅಷ್ಟು ದುಡಿಯಾಕ ಶಕ್ತಿ ಭಾಳ ಬೇಕು. ಉಂಡದ್ದನ್ನ ಶಕ್ತಿ ಮಾಡೋ ಸಣ್ಣ ಒಲಿ ಇದ್ದಂಗ ಒಂದು ಭಾಗ ಕೋಶದೊಳಗೇ ಇರ್ತದ. ಅದು ಕೆಟ್ಟರ ಕೋಶ ಸೊರಗಿ ಸಾಯ್ತದ."

"ಒಂದು ಹೋದ್ರ ಉಳಿದವು ಮಾಡ್ತಾವಲ್ಲ?" ಎಂದೆ ನಾನು.

"ಮಾಡ್ತಾವಕ್ಕಾ. ನೀರಗಂಟಿ ಒಬ್ಬ ಹೋದ್ರ ಅವನ ಪಾಳಿ ಉಳಿದವರ ಮ್ಯಾಲೆ ಬಿದ್ದಂಗ. ಅದಕ್ಕ ಮೊದಮೊದಲು ಯಾರಿಗೂ ಗೊತ್ತಾಗಂಗಿಲ್ಲ. ಹಂಗ ಅತಿಯಾಗಿ ದುಡಿದು ಉಳಿದವೂ ಜಲ್ದಿ ಸೋಲ್ತಾವೇನೋ ಅಂತ ವಿಜ್ಞಾನಿಗಳು ಹುಡುಕಾಕತ್ತಾರ."

"ಹುಡುಕಾಕತ್ತಾರಂದ್ರ? ಇನ್ನೂ ಗೊತ್ತಾಗಿಲ್ಲೇನು?" ಎಂದು ನಾನೇ ಮತ್ತೆ ಕೇಳಿದೆ.

"ಪೂರ್ತಿ ಗೊತ್ತಾಗಿಲ್ರಿ. ಮೊದ್ಲ ಯಾಕ ಸಾಯ್ತಾವ ಅನ್ನೋದೂ ಖಾತ್ರಿ ಇಲ್ಲ. ನನಗ ಗೊತ್ತಿಲ್ಲದ್ದನ್ನ ಗೊತ್ತದ ಅಂತ ನಾ ಹ್ಯಾಂಗ ಹೇಳ್ಲಿ?"

ಅಷ್ಟು ದೂರ ಎಳೆದುಕೊಂಡು ಬಂದದ್ದಕ್ಕೆ ಇದೇ ಉತ್ತರವೇ ಎಂದು ನನಗೆ ಒಳಗೇ ಸಿಟ್ಟು. ಆದರೆ ಅಯ್ಯಾರು ತಲೆ ಎತ್ತಿ ಕೇಳುತ್ತಿದ್ದರು. ಕಾಲುವೆಯ ಮಾತು ಅವರಿಗೆ ಹಿಡಿಸಿತ್ತು.

"ಅಂದ್ರ ಕಾಲುವಿಯಾಗ ನೀರು ಅದ, ತೂಬು ಎತ್ತೋರಿಲ್ಲ" ಎಂದರು ನಿಧಾನವಾಗಿ. "ಕೈಯಾಗ ಶಕ್ತಿ ಅದ, ಹುಕುಂ ಮುಟ್ಟವಲ್ದು."

"ಹಂಗೇ ರೀ."

"ಆದ್ರ ಹುಕುಂ ಮುಟ್ಟದಿದ್ರ ಕೈ ಸುಮ್ನ ಬಿದ್ದಿರಬೇಕಲ್ಲ, ನಡಗೂದು ಯಾಕ?" ಬಸವಲಿಂಗ ಬಿಡಲಿಲ್ಲ.

"ಸುಮ್ನಿರು ಅನ್ನೋದೂ ಒಂದು ಹುಕುಮೇ ಅಲ್ಲೇನಣ್ಣಾ? ಅದೂ ಸರಿಯಾಗಿ ಮುಟ್ಟವಲ್ದು. ಅದಕ್ಕ ಈ ನಡುಕ ಕೈ ಕೆಲಸ ಮಾಡುವಾಗ ಕಡಿಮಿ, ಸುಮ್ನ ಇದ್ದಾಗ ಜಾಸ್ತಿ. ಅಯ್ಯಾರ, ಲಿಂಗ ಹಿಡಿದು ಕುಂತಾಗ ನಿಮ್ಮ ಎಡಗೈ ಏನು ಮಾಡ್ತದ್ರಿ?"

"ಏನೂ ಮಾಡಂಗಿಲ್ಲ. ಅಲ್ಲಾಡದಂಗ ಇರ್ಬೇಕು."

"ಅದಕ್ಕೇ ರೀ. ಬ್ಯಾರೆ ಏನೂ ಅಪಚಾರ ಇಲ್ಲ."

ಈರಯ್ಯನವರ ಮುಖದಲ್ಲಿ ಏನೂ ಬದಲಾಗಲಿಲ್ಲ, ಅದು ಬದಲಾಗದ ಮುಖವಾಗಿತ್ತಲ್ಲ. ಆದರೆ ಕಣ್ಣಲ್ಲಿ ನೀರು ತುಂಬಿತು. ಅಂಗಡಿಯಲ್ಲಿ ಅವರು ನಗದೆ ನಿಂತದ್ದಕ್ಕೂ ಇದೇ ಕಾರಣವೆಂದು ನನಗೆ ಆಗ ಹೊಳೆಯಿತು.

"ಉಂಡದ್ದು ಮೈಗೆ ಹತ್ತವಲ್ದಲ್ಲವಾ, ಅದ್ಯಾಕ?" ಚನ್ನಮಲ್ಲಮ್ಮ ಮೆಲ್ಲಗೆ ಕೇಳಿದರು.

"ಹಸಿವು, ನಿದ್ದಿ, ಎಚ್ಚರ, ಉಂಡದ್ದನ್ನ ಮೈ ಹ್ಯಾಂಗ ಖರ್ಚು ಮಾಡಬೇಕು, ಇವನ್ನ ನೋಡ್ಕೊಳ್ಳೋ ಕೋಶನೂ ಮೆದುಳಿನ್ಯಾಗ ಅದಾವ್ರಿ ಅಮ್ಮಾರ. ಈ ರೋಗ ಅವಕ್ಕೂ ತಾಗಬಹುದು. ಮ್ಯಾಲೆ ಮೈ ಬಿಗಿದಿರ್ತದ, ನಡಗ್ತದ, ಮೂಗಿಲ್ಲದ್ದಕ್ಕ ಊಟದ ರುಚಿ ಹತ್ತಂಗಿಲ್ಲ. ಹಿಂಗಾಗಿ ತೂಕ ಇಳೀತದ, ಹಗಲೊತ್ತು ಜೊಂಪು ಹಿಡೀತದ. ಇದು ಹುಚ್ಚಲ್ಲ, ಅಂಟೂ ರೋಗ ಅಲ್ಲ. ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಬಂದಿಲ್ಲ. ಆದ್ರ ಗುಳಿಗಿ ಸರಿಯಾಗಿ ತಗೊಂಡು ದಿನಾ ಮೈ ಆಡಿಸಿದ್ರ ಭಾಳ ವರ್ಷ ಚಲೋ ಇರಬಹುದು."

"ಗುಳಿಗಿ ನುಂಗಿ ನೋಡಿದ್ವಲ್ಲ" ಎಂದರು ಅಯ್ಯಾರು. "ಏನೂ ಆಗ್ಲಿಲ್ಲ."

"ಮುಂಜಾನಿದು ಯಾವಾಗ ನುಂಗ್ತಿದ್ರಿ?"

ಚನ್ನಮಲ್ಲಮ್ಮ ಉತ್ತರ ಕೊಟ್ಟರು. "ಪೂಜಿ ಮುಗಿದ ಮ್ಯಾಲೆ, ರೊಟ್ಟಿ ಜೋಡಿ. ಸೊರಗ್ಯಾರಂತ ನಾ ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು ಹಾಕ್ತಿದ್ದೆ."

ಸಂಘಮಿತ್ರಾ ಬಸವಲಿಂಗನ ಕಡೆ ನೋಡಿದಳು. "ಡಾಕ್ಟರು ಏನು ಹೇಳಿದ್ರಣ್ಣಾ?"

"ಎದ್ದ ಕೂಡ್ಲೇ ಖಾಲಿ ಹೊಟ್ಟಿಲೆ ಅಂದ್ರು" ಎಂದ ಬಸವಲಿಂಗ. "ಊಟಕ್ಕ ಅರ್ಧ ತಾಸು ಮೊದ್ಲ ಅಂದ್ರು. ಆದ್ರ ಅಪ್ಪ ಪೂಜಿ ಆಗದ ಏನೂ ಬಾಯಾಗ ಹಾಕಂಗಿಲ್ಲ. ಯಾವಾಗ ನುಂಗಿದ್ರೇನು, ಹೊಟ್ಟಿಗೇ ಹೋಗ್ತದಲ್ಲ ಅಂದ್ಕೊಂಡ್ವಿ."

ಈಗ ಗಂಟು ಎಲ್ಲಿತ್ತೆಂದು ಕಂಡಿತು. ಕಾಳು, ಮೊಸರು ಒಳ್ಳೆಯ ಆಹಾರವೇ. ಆದರೆ ಅದರೊಳಗಿನ ಪ್ರೋಟೀನು ಮತ್ತು ಈ ಗುಳಿಗೆ ಹೊಟ್ಟೆಯಿಂದ ರಕ್ತಕ್ಕೆ ಹೋಗುವುದು ಒಂದೇ ಬಾಗಿಲಲ್ಲಿ, ಒಟ್ಟಿಗೆ ಹೋದರೆ ಗುಳಿಗೆ ಹಿಂದೆ ಬೀಳುತ್ತದೆ ಎಂದು ಸಂಘಮಿತ್ರಾ ಬಿಡಿಸಿ ಹೇಳಿದಳು. ಗುಳಿಗೆ ಇಲ್ಲದೆ ಪೂಜೆಗೆ ಕೂತರೆ ಕೈ ನಡುಗುತ್ತದೆ, ಮೈ ನಿಧಾನವಾಗುತ್ತದೆ. ಪೂಜೆ ತಡವಾದರೆ ಗುಳಿಗೆಯೂ ತಡವಾಗುತ್ತದೆ. ಗಾಣದ ಎತ್ತಿನ ಹಾಗೆ ಇಡೀ ಮನೆ ಅಲ್ಲೇ ಸುತ್ತುತ್ತಿತ್ತು.

"ಮತ್ತ ಗುಳಿಗಿ ಒಮ್ಮೆಲೆ ಬಿಟ್ರಲ್ಲ, ಅದು ಇನ್ನೂ ಅಪಾಯ ರೀ. ಮೈ ಬಿಗೀತದ, ಜೀವಕ್ಕೂ ತೊಂದ್ರಿ ಆಗಬಹುದು. ನಾಳಿ ಬೆಳಿಗ್ಗೆನೇ ರಾಯಚೂರಿಗೆ ಹೋಗ್ರಿ. ಎಷ್ಟರಿಂದ ಶುರು ಮಾಡಬೇಕು ಅಂತ ಡಾಕ್ಟರೇ ಹೇಳ್ಬೇಕು."

"ನಾಳಿ ಸೋಮವಾರ" ಎಂದರು ಈರಯ್ಯ. "ನಾ ಮಠಕ್ಕ ಹೋಗಬೇಕು. ಗುಳಿಗಿ ಸಲುವಾಗಿ ಪೂಜಿಗಿಂತ ಮೊದ್ಲ ಬಾಯಿ ಮುಟ್ಟಿಸಂಗಿಲ್ಲ. ಹಿಂಗ ಮಾಡಾಕಿಂತ ಒಪ್ಪಿಸೂದೇ ಚಲೋ."

"ಪೂಜಿ ಮಾತು ನಿಮ್ಮ ಮನಿಯವರಿಗೇ ಬಿಟ್ಟದ್ದು ರೀ ಅಯ್ಯಾರ" ಎಂದಳು ಸಂಘಮಿತ್ರಾ.

ಆಗ ಚನ್ನಮಲ್ಲಮ್ಮ ಎದ್ದು ಗಂಡನ ಎದುರಿಗೆ ಬಂದು ಕೂತರು. ಆಕೆ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಅಂದಿನ ತನಕ ಕಂಡಿರಲಿಲ್ಲ.

"ಉಣ್ಣೂದು ಯಾವುದಿದ್ರೂ ಲಿಂಗಕ್ಕ ಕೊಟ್ಟು ಉಣ್ಣಬೇಕು ಅಂತ ನನಗ ಕಲಿಸಿದಾವ್ರು ಯಾರ್ರೀ?"

"ನಾನೇ."

"ಲಿಂಗಕ್ಕ ಕೊಟ್ಟದ್ದು ಆಮ್ಯಾಲೆ ಏನಾಗ್ತದ?"

"ಪ್ರಸಾದ ಆಗ್ತದ."

"ಹಂಗಂದ್ರ ಮುಂಜಾನಿ ಕೈಕಾಲು ತೊಳಕೊಂಡು, ವಿಭೂತಿ ಹಚ್ಚಿಕೊಂಡು, ಗುಳಿಗಿನ ಮೊದ್ಲ ಲಿಂಗಕ್ಕ ತೋರಿಸ್ರಿ. ನೀರನ್ನೂ ತೋರಿಸ್ರಿ. ಆಮ್ಯಾಲೆ ನುಂಗ್ರಿ. ಸ್ವಲ್ಪ ಕೂಡ್ರಿ, ಕೈ ಹಿಡಿತಕ್ಕ ಬರ್ಲಿ, ಸ್ನಾನ ಮಾಡಿ ಪೂಜಿ ನಿಧಾನ ಮಾಡ್ರಿ. ಪ್ರಸಾದನೂ ಒಲ್ಲೆ ಅಂತೀರೇನು?"

ಪ್ರಸಾದ ಒಲ್ಲೆ ಎನ್ನುವ ಮಾತು ಗಂಡನ ಬಾಯಿಗೆ ಬರುವುದಿಲ್ಲವೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

"ಬಸವಲಿಂಗಾ" ಎಂದರು ಈರಯ್ಯ. "ರಾಯಚೂರಿನ ಬಸ್ಸು ಎಷ್ಟಕ್ಕದ ನೋಡು."

ಸೋಮವಾರ ಮಠದ ದಾರಿ ಹಿಡಿಯಬೇಕಾದವರು ರಾಯಚೂರಿನ ಬಸ್ಸು ಹತ್ತಿದರು. ಡಾಕ್ಟರು ಸ್ವಲ್ಪ ಬೈದರು, ಮತ್ತೆ ಸಣ್ಣ ಪ್ರಮಾಣದಿಂದ ಶುರುಮಾಡಿಸಿದರು. ಕಾಳು, ಮೊಸರನ್ನು ಬಿಡಬೇಡಿ, ಗುಳಿಗೆಯ ಹೊತ್ತಿನಿಂದ ದೂರ ಇಡಿ ಎಂದರು. ದಿನಾ ನಡೆಯಲು ಹೇಳಿದರು. ಈಗ ಅಯ್ಯಾರು ಸಂಜೆ ಮಗನ ಜೊತೆ ಕಾಲುವೆಯ ಏರಿಯ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ ಹೋಗುತ್ತಾರೆ. ಮೂಗು ಮರಳಲಿಲ್ಲ. ಗಿರಣಿಯಲ್ಲಿ ಭತ್ತವನ್ನು ಮಗ ಮೂಸುತ್ತಾನೆ, ತಂದೆ ಕಡಿದು ನೋಡುತ್ತಾರೆ.

ಮೊನ್ನೆ ಮುಂಜಾನೆ ಹಾಲು ಕೊಡಲು ಹೋದೆ. ಪೂಜೆಯ ಕೋಣೆಯ ಬಾಗಿಲು ತೆರೆದಿತ್ತು. ಈರಯ್ಯನವರ ಎಡ ಅಂಗೈಯಲ್ಲಿ ಲಿಂಗ, ಮೇಲೊಂದು ಬಿಲ್ವಪತ್ರೆ. ನಾನು ಹತ್ತಿರ ಹೋಗಿ ನೋಡಿದೆ. ಎಲೆಯ ತುದಿ ತುಸು ಅಲ್ಲಾಡುತ್ತಿತ್ತು. ಬಲಗೈಯನ್ನು ಕೆಳಗೆ ಆಸರೆ ಕೊಟ್ಟಿದ್ದರು.

"ಇನ್ನೂ ಸ್ವಲ್ಪ ನಡಗ್ತದಲ್ರಿ ಅಯ್ಯಾರ" ಎಂದೆ. ನನ್ನ ಬಾಯಿ ಗೊತ್ತಲ್ಲ.

"ನಡಗ್ಲಿ ಬಿಡವಾ" ಎಂದರು. "ಹಿಡಿಯಾಕ ಬರ್ತದ." ಹಾಗೆನ್ನುವಾಗ ಅವರ ತುಟಿಯ ಒಂದು ಮೂಲೆ ಸ್ವಲ್ಪ ಮೇಲೆದ್ದಿತು. ಅಡುಗೆಮನೆಯಲ್ಲಿ ಚನ್ನಮಲ್ಲಮ್ಮ ರೊಟ್ಟಿ ಬಡಿಯುತ್ತಿದ್ದರು, ಇಬ್ಬರಿಗೂ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕಣ್ಣಿಟ್ಟು ನೋಡಿ. ಹೊತ್ತಿದ ಹಾಲಿನ ವಾಸನೆ ತಿಳಿಯದವರು, ಕಾಲು ಎಳೆದು ನಡೆಯುವವರು, ನಗು ಮರೆತವರು, ಉಂಡರೂ ಸೊರಗುವವರು, ಸುಮ್ಮನಿದ್ದ ಕೈ ನಡುಗುವವರು ಇದ್ದರೆ ವಯಸ್ಸಾಯಿತು ಎಂದು ಕೈಬಿಡಬೇಡಿ, ಅಪಚಾರ ಎಂದು ಅವರ ಮನಸ್ಸು ಮುರಿಯಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ, ನರರೋಗದ ಡಾಕ್ಟರಿಗೆ ತೋರಿಸಿ. ಗುಳಿಗೆ ಕೊಟ್ಟರೆ ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ ಎಂದು ಮತ್ತೆ ಮತ್ತೆ ಕೇಳಿ ತಿಳಿದುಕೊಳ್ಳಿ. ನಿಮ್ಮ ಪೂಜೆ, ಉಪವಾಸ, ರೋಜಾ ಏನಿದ್ದರೂ ಡಾಕ್ಟರ ಮುಂದೆ ನಾಚದೆ ಹೇಳಿ, ದಾರಿ ಸಿಗುತ್ತದೆ. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ನಡುಗುವ ಕೈಯನ್ನು ಯಾರಾದರೂ ಚಿಲಕ ಹಾಕಿಕೊಂಡು ಬಚ್ಚಿಟ್ಟಿದ್ದರೆ, ಇವತ್ತೇ ಹೋಗಿ ಆ ಬಾಗಿಲು ಬಡಿಯಿರಿ.